ಎಡಮಗ್ಗುಲಿಂದ ಏಳುವ ಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ತೆಂಗಿನ ಸೀಮೆ ಎಂದು ಹೆಸರಾದ ಈ ಮೂರು ತಾಲ್ಲೂಕುಗಳಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆ ಒಂದೂ ಇಲ್ಲ. ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಆಚೆ ಬಿದ್ದ ಮಳೆ ಸುವರ್ಣಮುಖಿ ಹಿಡಿದು ಬೋರನಕಣಿವೆಗೆ, ಅಲ್ಲಿಂದ ವೇದಾವತಿಗೆ, ಕೊನೆಗೆ ಕೃಷ್ಣೆಯ ಪಾಲಿಗೆ ಹೋಗುತ್ತದೆ. ತುರುವೇಕೆರೆ ಕಡೆ ಬಿದ್ದದ್ದು ಶಿಂಷಾ ಸೇರಿ ಕಾವೇರಿಯ ಪಾಲಾಗುತ್ತದೆ. ಎರಡು ದೊಡ್ಡ ನದಿಗಳಿಗೆ ನೀರು ಹಂಚಿ, ತಾನು ಮಾತ್ರ ಕೆರೆಯನ್ನೂ ಕೊಳವೆಬಾವಿಯನ್ನೂ ಗೊರೂರಿನಿಂದ ಬರುವ ಹೇಮಾವತಿ ನಾಲೆಯನ್ನೂ ನಂಬಿ ಕೂತ ಸೀಮೆ ಇದು. ಇಲ್ಲಿ ಕೂತು ದೋಣಿಗೆ ಹುಟ್ಟು ಹಾಕುವ ವಿದ್ಯೆಯ ಬಗ್ಗೆ ಬರೆಯಲು ಹೊರಟರೆ ಕೊಬ್ಬರಿ ಮಂಡಿಯಲ್ಲಿ ಕೂತವರು ನಕ್ಕಾರು.

ನಗಲಿ. ಈಚಿನ ವರ್ಷಗಳಲ್ಲಿ ಈ ಊರುಗಳ ಹುಡುಗ ಹುಡುಗಿಯರ ಮೊಬೈಲ್ ತೆರೆದರೆ ದಾಂಡೇಲಿಯ ರಾಫ್ಟಿಂಗ್ ಚಿತ್ರ ಒಂದಾದರೂ ಇರುತ್ತದೆ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ತಲೆಗೆ ಹೆಲ್ಮೆಟ್, ಕೈಯಲ್ಲಿ ಪ್ಯಾಡಲ್. ಸಾಲಿಗ್ರಾಮದ ಕಾಂಡ್ಲಾ ಕಾಡಿನೊಳಗೆ ಕಯಾಕ್‌ನಲ್ಲಿ ಸುತ್ತಿ ಬಂದವರೂ ಇದ್ದಾರೆ. ಒಂದು ದಿನದ ಈ ಮೋಜಿನ ಬಗ್ಗೆ ಪ್ರವಾಸ ಪುಟಗಳಲ್ಲಿ ಬೇಕಾದಷ್ಟು ಬಂದಿದೆ. ನನಗೆ ಕುತೂಹಲ ಇರುವುದು ಅವರ ಪಕ್ಕದಲ್ಲೇ ಇನ್ನೊಂದು ಚಿಕ್ಕ ದೋಣಿಯಲ್ಲಿ ಕೂತು, ರಾಫ್ಟ್‌ನಿಂದ ಯಾರಾದರೂ ಬಿದ್ದರೆ ಎತ್ತಿಕೊಳ್ಳಲು ಕಾದಿರುವವರ ಬಗ್ಗೆ. ಹತ್ತಾರು ವರ್ಷ ನೀರಿನಲ್ಲೇ ಕಳೆದ ಅಂಥವರು ಮತ್ತೆ ಕಲಿಯಲು ಕೂರುತ್ತಾರೆ. ಬಂದ ವಿದ್ಯೆಯ ಮೇಲೆ ಬಾರದ್ದನ್ನು ಹೇರಿಕೊಳ್ಳುತ್ತಾರೆ. ಅದು ಮೊದಲ ಸಲ ಕಲಿತದ್ದಕ್ಕಿಂತ ಕಷ್ಟ ಏಕೆ ಎಂಬುದು ಇಲ್ಲಿನ ವಿಷಯ.

ಪ್ರವಾಸಿಗಳಿಗೆ ಕೊಡುವ ಕಯಾಕ್ ಬಹುಮಟ್ಟಿಗೆ ಮೇಲೆ ಕೂರುವ ಬಗೆಯದು. ಮಗುಚಿದರೆ ನಾವು ಒಂದು ಕಡೆ, ದೋಣಿ ಒಂದು ಕಡೆ. ಈಜಿ ಬಂದು ಮತ್ತೆ ಹತ್ತಬಹುದು. ನುರಿತವರದ್ದು ಒಳಗೆ ಕೂರುವ ಬಗೆ. ಕಾಲು ಚಾಚಿ, ತೊಡೆಗಳನ್ನು ದೋಣಿಯ ಒಳಮೈಗೆ ಒತ್ತಿ, ನೀರು ಒಳಗೆ ಬಾರದಂತೆ ಸೊಂಟದ ಸುತ್ತ ರಬ್ಬರ್ ಬಟ್ಟೆಯ ಮುಚ್ಚಳ ಬಿಗಿದು ಕೂರುತ್ತಾರೆ. ದೋಣಿಯನ್ನು ತೊಟ್ಟುಕೊಂಡಂತೆ ಅದು. ಮಗುಚಿದಾಗ ದೋಣಿಯ ಜೊತೆಗೇ ತಲೆಕೆಳಗಾಗಿ ನೀರೊಳಗೆ ತೂಗುತ್ತಾರೆ. ಆಗ ಇರುವುದು ಎರಡು ದಾರಿ. ಮುಚ್ಚಳದ ಕುಣಿಕೆ ಎಳೆದು ದೋಣಿ ಬಿಟ್ಟು ಹೊರಬರುವುದು ಒಂದು. ಕೂತಲ್ಲಿಂದ ಏಳದೆ ದೋಣಿಯನ್ನೇ ಮತ್ತೆ ಮೇಲ್ಮುಖ ಮಾಡುವುದು ಇನ್ನೊಂದು. ಎರಡನೆಯದಕ್ಕೆ ರೋಲ್ ಎನ್ನುತ್ತಾರೆ.

ರೋಲ್‌ನಲ್ಲಿ ತೋಳಿನ ಬಲಕ್ಕೆ ಕೆಲಸ ಕಡಿಮೆ. ತಲೆಕೆಳಗಾದವನು ಮೊದಲು ಮುಂದಕ್ಕೆ ಬಾಗಿ, ಹುಟ್ಟನ್ನು ದೋಣಿಯ ಪಕ್ಕಕ್ಕೆ, ನೀರಿನ ಮೇಲ್ಮೈಗೆ ತರುತ್ತಾನೆ. ಅಲ್ಲಿಂದ ಅಲಗನ್ನು ದೋಣಿಯಿಂದ ದೂರಕ್ಕೆ ಕಮಾನಿನಂತೆ ಬೀಸುತ್ತಾನೆ. ನೀರು ಅಲಗನ್ನು ತಡೆದು ಹಿಡಿದ ಆ ಕ್ಷಣದಲ್ಲಿ ಒಂದು ಮೊಣಕಾಲಿನಿಂದ ದೋಣಿಯನ್ನು ಎತ್ತಿ ಸೊಂಟವನ್ನು ಥಟ್ಟನೆ ತಿರುಗಿಸಬೇಕು. ಮೊದಲು ದೋಣಿ ಏಳುತ್ತದೆ, ಆಮೇಲೆ ಮೈ, ಎಲ್ಲಕ್ಕಿಂತ ಕೊನೆಗೆ ತಲೆ. ಕಷ್ಟ ಇರುವುದು ಈ ಕೊನೆಯ ಮಾತಿನಲ್ಲೇ. ನೀರೊಳಗಿರುವ ಮನುಷ್ಯನಿಗೆ ಉಸಿರು ಬೇಕು, ಉಸಿರಿಗೆ ಬಾಯಿ ಮೇಲೆ ಬರಬೇಕು. ಹಾಗಾಗಿ ಪ್ರಾಣ ತಲೆಯನ್ನೇ ಮೊದಲು ಎತ್ತು ಎನ್ನುತ್ತದೆ. ತಲೆ ಎತ್ತಿದೊಡನೆ ಅದರ ಭಾರಕ್ಕೆ ದೋಣಿ ಮತ್ತೆ ಮಗುಚುತ್ತದೆ. ಉಸಿರಿಗಾಗಿ ಹಂಬಲಿಸುವವನಿಗೆ ಉಸಿರು ಸಿಗುವುದಿಲ್ಲ, ಅದನ್ನು ಒಂದು ಗಳಿಗೆ ಮರೆತವನಿಗೆ ಸಿಗುತ್ತದೆ.

ಇಷ್ಟು ಕಲಿತವರೆಲ್ಲ ಸಾಮಾನ್ಯವಾಗಿ ಒಂದೇ ಮಗ್ಗುಲಲ್ಲಿ ಕಲಿತಿರುತ್ತಾರೆ. ಬಲಗೈಯವರಿಗೆ ಹೆಚ್ಚಾಗಿ ಬಲಮಗ್ಗುಲು. ಈಜುಕೊಳದಲ್ಲಿ, ಕೆರೆಯಲ್ಲಿ ಅಷ್ಟು ಸಾಕು. ಹೊಳೆಗೆ ಇಳಿದಾಗ ಸಾಲದು. ಬಲಗಡೆ ಬಂಡೆ ಇರಬಹುದು, ಹುಟ್ಟು ಬೀಸಲು ಜಾಗವೇ ಇಲ್ಲದಿರಬಹುದು. ಸೆಳೆತ ಒಂದು ಕಡೆಯಿಂದ ನೂಕುತ್ತಿದ್ದರೆ ಆ ಕಡೆ ಏಳುವುದು ಹರಿವಿನ ಎದುರು ಈಜಿದಂತೆ. ಇನ್ನೊಂದು ಮಗ್ಗುಲಲ್ಲಾದರೆ ಹೊಳೆಯೇ ಎತ್ತಿ ಕೂರಿಸುತ್ತದೆ. ಹಾಗಾಗಿ ವರ್ಷಗಟ್ಟಲೆ ಅನುಭವ ಇದ್ದವರೂ ಒಂದು ದಿನ ಎಡಮಗ್ಗುಲಿನ ರೋಲ್ ಕಲಿಯಲು ಆಳವಿಲ್ಲದ ನೀರಿಗೆ ಮರಳುತ್ತಾರೆ. ಪಕ್ಕದಲ್ಲಿ ಎದೆಮಟ್ಟದ ನೀರಿನಲ್ಲಿ ಒಬ್ಬರು ನಿಂತಿರಬೇಕು. ಇವರು ಮಗುಚಿ, ಬೀಸಿ, ಏಳಲಾಗದೆ, ಕೊನೆಗೆ ದೋಣಿಯ ತಳವನ್ನು ಬಡಿದು ಸಹಾಯ ಕೇಳುತ್ತಾರೆ. ಹೊಸಬ ಹೀಗೆ ಸೋತರೆ ಯಾರೂ ಗಮನಿಸುವುದಿಲ್ಲ. ಹೆಸರು ಮಾಡಿದವನು ಸೋತರೆ ದಡದಲ್ಲಿ ಕೂತವರು ತಿರುಗಿ ನೋಡುತ್ತಾರೆ. ಎಷ್ಟೋ ಜನ ಎಡಮಗ್ಗುಲಿನ ಗೋಜಿಗೇ ಹೋಗದಿರಲು ಈ ನಾಚಿಕೆಯೇ ಕಾರಣ ಎಂಬುದು ನನ್ನ ಎಣಿಕೆ.

ನಾಚಿಕೆಯಷ್ಟೇ ಅಲ್ಲ, ಮೈಗೆ ಹತ್ತಿದ ರೂಢಿಯೂ ಅಡ್ಡಬರುತ್ತದೆ. ಹೊಸಬನ ಮೈ ಖಾಲಿ ಹಲಗೆ. ಅನುಭವಿಯ ಮೈಯಲ್ಲಿ ಆಗಲೇ ಒಂದು ಉತ್ತರ ಬರೆದಾಗಿದೆ. ಪ್ರಶ್ನೆ ಬದಲಾದರೂ ಕೈ ಹಳೆಯ ಉತ್ತರವನ್ನೇ ಬರೆಯುತ್ತದೆ.

ಚಲನೆಯ ಕಲಿಕೆಯನ್ನು ಅಧ್ಯಯನ ಮಾಡುವವರು ಮತ್ತೆ ಮತ್ತೆ ನೆನೆಯುವ ಒಂದು ಪ್ರಯೋಗ 1979ರದ್ದು. ಜಾನ್ ಶೇ ಮತ್ತು ರಾಬಿನ್ ಮಾರ್ಗನ್ ಎಂಬ ಸಂಶೋಧಕರು ಕೆಲವರ ಕೈಗೆ ಟೆನಿಸ್ ಚೆಂಡು ಕೊಟ್ಟು, ಎದುರಿಗಿಟ್ಟ ಪಟ್ಟಿಗಳನ್ನು ಗೊತ್ತಾದ ಅನುಕ್ರಮದಲ್ಲಿ ಆದಷ್ಟು ಬೇಗ ಬೀಳಿಸಲು ಹೇಳಿದರು. ಅನುಕ್ರಮಗಳು ಮೂರು. ಒಂದು ಗುಂಪು ಒಂದನ್ನು ಪೂರ್ತಿ ಅಭ್ಯಾಸ ಮಾಡಿ ಮುಂದಿನದಕ್ಕೆ ಹೋಯಿತು. ಇನ್ನೊಂದು ಗುಂಪಿಗೆ ಮೂರನ್ನೂ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಚುರುಕು. ಸ್ವಲ್ಪ ಕಾಲ ಬಿಟ್ಟು ಪರೀಕ್ಷೆ ಮಾಡಿದಾಗ ಕಲಸಿ ಕಲಿತವರು ಮುಂದೆ ಹೋದರು. ಚೆನ್ನಾಗಿ ಬರುತ್ತಿದೆ ಅನ್ನಿಸುವ ಅಭ್ಯಾಸಕ್ಕೂ ನಿಜವಾಗಿ ಉಳಿಯುವ ಕಲಿಕೆಗೂ ಅಂತರವಿದೆ ಎಂದಾಯಿತು. ಬಲಗಡೆ ನೂರು ರೋಲ್ ಹೊಡೆದು ಖುಷಿಪಡುವ ಕಯಾಕ್ ಸವಾರನಿಗೆ ಇದನ್ನು ಹೇಳಿ ನೋಡಿ, ಇಷ್ಟವಾಗುವುದಿಲ್ಲ. ಬಲಗಡೆ ಒಂದು, ಎಡಗಡೆ ಎರಡು, ಕಣ್ಣುಮುಚ್ಚಿ ಒಂದು, ಹುಟ್ಟನ್ನು ತಪ್ಪಾಗಿ ಹಿಡಿದು ಒಂದು ಎಂದು ಗೊಂದಲವಾಗಿ ಅಭ್ಯಾಸ ಮಾಡುವವನು ಕೊಳದಲ್ಲಿ ಪೆಚ್ಚಾಗಿ ಕಾಣುತ್ತಾನೆ, ಹೊಳೆಯಲ್ಲಿ ಬದುಕುತ್ತಾನೆ.

ಈ ವಿದ್ಯೆಯ ಮೂಲದವರಿಗೆ ಇದೆಲ್ಲ ಗೊತ್ತಿತ್ತು. ಕಯಾಕ್ ಹುಟ್ಟಿದ್ದು ಉತ್ತರ ಧ್ರುವದ ಅಂಚಿನ ಇನ್ಯುಯಿಟ್ ಮತ್ತು ಅಲ್ಯೂಟ್ ಜನರ ಕೈಯಲ್ಲಿ. ತೇಲಿಬಂದ ಮರ, ಮೂಳೆಗಳ ಚೌಕಟ್ಟಿಗೆ ಸೀಲ್ ತೊಗಲು ಹೊದಿಸಿ ಮಾಡಿದ ಬೇಟೆಯ ದೋಣಿ ಅದು. ಆ ತಣ್ಣೀರಿನಲ್ಲಿ ದೋಣಿ ಬಿಟ್ಟು ಹೊರಬಂದವನು ಹೆಚ್ಚು ಹೊತ್ತು ಉಳಿಯುವುದಿಲ್ಲ, ಹಾಗಾಗಿ ರೋಲ್ ಅಲ್ಲಿ ಆಟವಾಗಿರಲಿಲ್ಲ. ಗ್ರೀನ್‌ಲ್ಯಾಂಡಿನವರು ಒಂದಲ್ಲ, ಹತ್ತಾರು ಬಗೆಯ ರೋಲ್ ರೂಢಿಸಿಕೊಂಡಿದ್ದಾರೆ: ಹುಟ್ಟು ಪೂರ್ತಿ ಹಿಡಿದು, ಅರ್ಧ ಹಿಡಿದು, ಬೆನ್ನ ಹಿಂದೆ ಹಿಡಿದು, ಹುಟ್ಟು ಕಳೆದುಹೋದಾಗ ಬರಿಗೈಯಲ್ಲಿ. ಒಂದು ಕೈಗೆ ಈಟಿಯ ಹಗ್ಗ ಸುತ್ತಿಕೊಂಡರೆ ಇನ್ನೊಂದು ಕೈಯಲ್ಲೇ ಏಳಬೇಕಲ್ಲ! ಪ್ರತಿಯೊಂದು ರೋಲ್ ಕೂಡ ಒಂದೊಂದು ಅಪಘಾತಕ್ಕೆ ಸಿದ್ಧವಾಗಿಟ್ಟ ಉತ್ತರ. ಇವತ್ತಿಗೂ ಅಲ್ಲಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಇವನ್ನೆಲ್ಲ ಒಂದಾದ ಮೇಲೊಂದು ಮಾಡಿ ತೋರಿಸಬೇಕು. ನೀರಿಗೆ ಇಳಿಯದ ದಿನ ಎರಡು ಕಂಬಗಳ ನಡುವೆ ಹಗ್ಗ ಬಿಗಿದು, ಅದರ ಮೇಲೆ ಮೈ ಉರುಳಿಸಿ ಅದೇ ತಿರುವುಗಳನ್ನು ಅಭ್ಯಾಸ ಮಾಡುವ ಪದ್ಧತಿಯೂ ಇದೆ.

ಯುರೋಪಿನವರು ಇದನ್ನು ಕಲಿತದ್ದು ತಡವಾಗಿ. ಆಸ್ಟ್ರಿಯಾದ ಹಾನ್ಸ್ ಪಾವ್ಲಾಟಾ 1927ರಲ್ಲಿ ಗುರುವಿಲ್ಲದೆ, ಬರೀ ಪುಸ್ತಕದ ವಿವರಣೆ ಓದಿ ರೋಲ್ ಸಾಧಿಸಿದರು. ಒಂದು ಬಗೆಯ ರೋಲ್‌ಗೆ ಇಂದಿಗೂ ಅವರದೇ ಹೆಸರು. ಬ್ರಿಟನ್ನಿನ ಗೀನೊ ವಾಟ್‌ಕಿನ್ಸ್ 1930–31ರ ಧ್ರುವ ಯಾತ್ರೆಯಲ್ಲಿ ಗ್ರೀನ್‌ಲ್ಯಾಂಡಿನ ಬೇಟೆಗಾರರಿಂದಲೇ ಕಲಿತು ಅವರಷ್ಟೇ ನಿಪುಣ ಎನಿಸಿಕೊಂಡರು. 1932ರ ಆಗಸ್ಟಿನಲ್ಲಿ ಒಬ್ಬರೇ ಕಯಾಕ್ ತೆಗೆದುಕೊಂಡು ಸೀಲ್ ಬೇಟೆಗೆ ಹೋದವರು ಮರಳಲಿಲ್ಲ. ದೋಣಿ ಸಿಕ್ಕಿತು, ದೇಹ ಸಿಗಲಿಲ್ಲ. ಆಗ ಅವರಿಗೆ 25 ವರ್ಷ. ರೋಲ್ ಬಂದವನಿಗೂ ಜೊತೆಗಾರ ಬೇಕು ಎಂಬುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷಿ ಬೇಡ.

ಇನ್ನು ನಮ್ಮ ನಾಡಿಗೆ ಬರೋಣ. ಕರ್ನಾಟಕದ ಕಯಾಕ್ ಸವಾರರಿಗೆ ಕಾಳಿ ನದಿಯೇ ಪಾಠಶಾಲೆ. ಜೋಯಿಡಾ ತಾಲ್ಲೂಕಿನ ಡಿಗ್ಗಿ ಬಳಿ ಹುಟ್ಟಿ ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ ಕಡಲು ಸೇರುವ ಈ ನದಿಗೆ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಇದೆ. ಅಣೆಕಟ್ಟಿನ ಬುಡದ ವಿದ್ಯುದಾಗಾರ ಎಷ್ಟು ನೀರು ಬಿಡುತ್ತದೋ ಕೆಳಗಿನ ಹೊಳೆ ಅಷ್ಟು ಏಳುತ್ತದೆ. ಬೆಂಗಳೂರಿನಲ್ಲಿ ಸಂಜೆ ದೀಪ ಹಚ್ಚಿದರೆ ಇಲ್ಲಿ ಅಲೆ ಏಳುತ್ತದೆ ಎಂದರೆ ತೀರಾ ಉತ್ಪ್ರೇಕ್ಷೆಯಲ್ಲ. ಬೆಳಿಗ್ಗೆ ತಲೆ ತೋರಿಸಿದ ಬಂಡೆ ನೀರು ಏರಿದಾಗ ಅದೇ ಜಾಗದಲ್ಲಿ ಗುಂಡಿಯಾಗಿರುತ್ತದೆ. ಇಂಥ ಹೊಳೆಯನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ, ಪ್ರತಿ ಸಲವೂ ಓದಬೇಕು. ನೀರಿನ ಮೇಲೆ ಮೂಡುವ ಕವೆಯಾಕಾರದ ಗೆರೆಯ ಚೂಪು ಹರಿವಿನ ಕಡೆಗಿದ್ದರೆ ಅದು ದಾರಿ. ಚೂಪು ನಮ್ಮ ಕಡೆ, ಅಂದರೆ ಮೇಲ್ಗಡೆಗಿದ್ದರೆ ಅಡಿಯಲ್ಲಿ ಬಂಡೆ. ದೊಡ್ಡ ಬಂಡೆಯ ಹಿಂದೆ ನೀರು ತಂಗುತ್ತದೆ, ಕೆಲವು ಕಡೆ ಮೇಲ್ಮುಖವಾಗಿಯೂ ತಿರುಗುತ್ತದೆ. ಕಯಾಕಿನವರು ಎಡ್ಡಿ ಎನ್ನುವ ಈ ಜಾಗವೇ ಅವರ ಬಸ್‌ಸ್ಟಾಪು: ನಿಲ್ಲುವುದು, ಉಸಿರು ಬಿಡುವುದು, ಮುಂದಿನ ತಿರುವನ್ನು ನೋಡುವುದು ಅಲ್ಲಿ.

ಕೆರೆಯಲ್ಲಿ ಪಳಗಿದವನು ಮೊದಲ ಸಲ ಮುಗ್ಗರಿಸುವುದೂ ಈ ಎಡ್ಡಿಯ ಗಡಿಯಲ್ಲೇ. ತಂಗಿದ ನೀರಿನಿಂದ ಓಡುವ ನೀರಿಗೆ ದೋಣಿಯ ಮೂತಿ ಹಾಕಿದೊಡನೆ ಸೆಳೆತ ಪಕ್ಕಕ್ಕೆ ಎಳೆಯುತ್ತದೆ. ಹೆದರಿಕೆಗೆ ಮೈ ಸೆಳೆತ ಬರುವ ಕಡೆಗೇ ವಾಲುತ್ತದೆ. ಆ ಕಡೆಯ ಅಂಚು ಕೆಳಗಾದೊಡನೆ ಹರಿವು ಅದರ ಮೇಲೆ ಹತ್ತಿ ದೋಣಿಯನ್ನು ಮಗುಚಿ ಹಾಕುತ್ತದೆ. ಮಾಡಬೇಕಾದದ್ದು ತದ್ವಿರುದ್ಧ: ಮೇಲ್ಗಡೆಯ ಅಂಚನ್ನು ಮೊಣಕಾಲಿನಿಂದ ಎತ್ತಿ, ನೀರು ಹೋಗುವ ಕಡೆಗೇ ಧೈರ್ಯವಾಗಿ ಒರಗಬೇಕು. ಹತ್ತು ವರ್ಷ ನಿಂತ ನೀರಿನಲ್ಲಿ ಹುಟ್ಟು ಹಾಕಿದ ಅನುಭವ ಇಲ್ಲಿ ಅರ್ಧ ನಿಮಿಷವೂ ಉಪಕಾರಕ್ಕೆ ಬರುವುದಿಲ್ಲ. ಹೊಳೆಯವನನ್ನು ಒಲಿಂಪಿಕ್ ಓಟದ ಕಯಾಕ್ ಮೇಲೆ ಕೂರಿಸಿದರೂ ಗತಿ ಅದೇ. ಗರಿಷ್ಠ 5.2 ಮೀಟರ್ ಉದ್ದ, ಕನಿಷ್ಠ 12 ಕಿಲೊ ತೂಕದ ಆ ಕಡ್ಡಿಯಂಥ ದೋಣಿಯಲ್ಲಿ ಕೂತ ಕೂಡಲೇ ಮಗುಚುತ್ತಾನೆ.

ಪಶ್ಚಿಮಘಟ್ಟದ ಬಹುತೇಕ ಹೊಳೆಗಳು ಕಯಾಕ್‌ಗೆ ಒದಗುವುದು ಮಳೆಗಾಲದಲ್ಲಿ ಮಾತ್ರ. ಕೋಯಿಕ್ಕೋಡ್ ಜಿಲ್ಲೆಯ ತುಷಾರಗಿರಿ ಸುತ್ತಿನ ಹೊಳೆಗಳಲ್ಲಿ 2013ರಲ್ಲಿ ಶುರುವಾದ ಮಲಬಾರ್ ರಿವರ್ ಫೆಸ್ಟಿವಲ್ ಜಡಿಮಳೆಯಲ್ಲೇ ನಡೆಯುತ್ತದೆ. ಬೆಂಗಳೂರಿನ ಕಯಾಕ್ ಮಂದಿಗೆ ಅದು ವಾರ್ಷಿಕ ಪರೀಕ್ಷೆ ಇದ್ದಂತೆ. ಉಳಿದ ತಿಂಗಳು ಕೆರೆ, ಹಿನ್ನೀರು, ಈಜುಕೊಳ. ಸಾಗರ ತಾಲ್ಲೂಕಿನ ಹೊನ್ನೇಮರಡುವಿನ ಶರಾವತಿ ಹಿನ್ನೀರಿನಲ್ಲಿ ಮೋಟಾರಿನ ಸದ್ದಿಲ್ಲದೆ ದೋಣಿ ಕಲಿಸುವ ಪರಂಪರೆಯೇ ಬೆಳೆದಿದೆ. ಸಾಲಿಗ್ರಾಮದ ಪಾರಂಪಳ್ಳಿ ಬಳಿ ಸೀತಾ ನದಿಯಲ್ಲಿ ಪಾಠ ಬೇರೆ. ಅಲ್ಲಿ ಉಬ್ಬರವಿಳಿತಕ್ಕೆ ಹೊಳೆ ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ. ಘಟ್ಟದ ಮೇಲಿನ ನಿಪುಣನೂ ಪಂಚಾಂಗ ನೋಡಿ ನೀರಿಗಿಳಿಯಬೇಕು. ಮೂಲ್ಕಿಯಲ್ಲಿ ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತಾರೆ. ಆ ಹುಟ್ಟಿನ ಅಲಗು ಮುಂದಕ್ಕೆ ಬಾಗಿರುತ್ತದೆ. ಕೂತು ಹುಟ್ಟು ಹಾಕಿ ಅಭ್ಯಾಸವಾದವರ ಕಣ್ಣಿಗೆ ಅದು ತಿರುಗುಮುರುಗು. ಹಿಂದುಮುಂದಾಗಿ ಹಿಡಿದು ನಗೆಪಾಟಲಾಗುವುದು ಅಲ್ಲಿ ದಿನನಿತ್ಯದ ನೋಟ.

ಇಷ್ಟೆಲ್ಲ ಹೊರಗಿನ ದೋಣಿಗಳ ಹಿಂದೆ ಬಿದ್ದ ನಮ್ಮವರು ಮನೆಯ ಗುರುವನ್ನು ಮರೆತಿದ್ದಾರೆ ಎಂಬುದು ನನ್ನ ತಕರಾರು. ಹರಿಗೋಲಿನ ಅಂಬಿಗನ ಮಾತು ಹೇಳುತ್ತಿದ್ದೇನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆ ದಾಟಿಸುವ ಬುಟ್ಟಿಯಂಥ ದುಂಡು ದೋಣಿಗಳನ್ನೂ, ಅವುಗಳ ಬೆತ್ತದ ಹೆಣಿಗೆಯನ್ನೂ, ಹೊರಗಿನ ತೊಗಲಿನ ಹೊದಿಕೆಯನ್ನೂ ಕಂಡು ಬರೆದಿದ್ದಾನೆ. ಅಗತ್ಯ ಬಿದ್ದರೆ ಕುದುರೆ, ಎತ್ತುಗಳೂ ಅದರಲ್ಲಿ ದಾಟಬಹುದಿತ್ತು. ಇಂದು ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು, ಫೈಬರ್ ಬಂದಿವೆ. ಆಕಾರ ಮಾತ್ರ ಅದೇ. ದುಂಡು ದೋಣಿಗೆ ಮುಂದು ಹಿಂದು ಇಲ್ಲ. ಕಯಾಕಿನ ನಿಪುಣನನ್ನು ಅದರಲ್ಲಿ ಕೂರಿಸಿ ಹುಟ್ಟು ಕೊಟ್ಟರೆ ರೂಢಿಯಂತೆ ಪಕ್ಕದಲ್ಲಿ ನೀರು ಎಳೆಯುತ್ತಾನೆ, ಹರಿಗೋಲು ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಅಂಬಿಗ ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಹುಟ್ಟನ್ನು ಮುಂದೆ ಚಾಚಿ, ನೀರನ್ನು ತನ್ನ ಕಡೆಗೆ ಬರಸೆಳೆಯುತ್ತಾನೆ. ಕಯಾಕ್ ಪಾಠದಲ್ಲಿ ದೋಣಿಯನ್ನು ಪಕ್ಕಕ್ಕೆ ಸರಿಸಲು ಇದೇ ಎಳೆತವನ್ನು ಕಲಿಸುತ್ತಾರೆ, ಬಹಳ ಜನ ಅದನ್ನು ಅರೆಬರೆ ಕಲಿತು ಬಿಡುತ್ತಾರೆ. ಅಂಬಿಗನಿಗೆ ಅದೊಂದೇ ಬಂಡವಾಳ, ಹಾಗಾಗಿ ಪೂರ್ತಿ ಬರುತ್ತದೆ.

ಹೊಳೆ ದಾಟುವಾಗ ಅಂಬಿಗ ನೇರ ಎದುರು ದಡಕ್ಕೆ ಹೋಗುವುದಿಲ್ಲ. ಮೊದಲು ದಡದ ಪಕ್ಕದ ಮೆದು ನೀರಿನಲ್ಲಿ ಮೇಲಕ್ಕೆ ಹೋಗಿ, ಆಮೇಲೆ ಓರೆಯಾಗಿ ಬಿಟ್ಟುಕೊಳ್ಳುತ್ತಾನೆ. ಸೆಳೆತವೇ ಅವನನ್ನು ಬೇಕಾದ ಕಡೆಗೆ ತಲುಪಿಸುತ್ತದೆ. ಇದರ ಲೆಕ್ಕವನ್ನೇ ಕಯಾಕ್ ತರಬೇತಿಯಲ್ಲಿ ಹಲಗೆಯ ಮೇಲೆ ಬಾಣದ ಗೆರೆ ಎಳೆದು ವಿವರಿಸುತ್ತಾರೆ. ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆಗಳು ನುರಿತವರಿಗೆ ನಡೆಸುವ ಶಿಬಿರದಲ್ಲಿ ಎರಡು ದಿನ ಹಂಪಿಯದೋ ತಲಕಾಡಿನದೋ ಹರಿಗೋಲು ಅಂಬಿಗರಿಂದ ಪಾಠ ಹೇಳಿಸಿದರೆ ಕಯಾಕಿನವರ ಸೊಕ್ಕೂ ಇಳಿಯುತ್ತದೆ, ಅಂಬಿಗರ ಕೈಗೂ ನಾಲ್ಕು ಕಾಸು ಸೇರುತ್ತದೆ.

ಬಲ್ಲವರ ಸೊಕ್ಕು ಇಳಿಯುವುದನ್ನು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಗತ್ತೇ ನೋಡಿತು. ಅಲ್ಲಿ ಮೊದಲ ಬಾರಿಗೆ ಕಯಾಕ್ ಕ್ರಾಸ್ ಎಂಬ ಸ್ಪರ್ಧೆ ಸೇರಿತು. ಹಳೆಯ ಸ್ಲಾಲಮ್‌ನಲ್ಲಿ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಇಳಿಯುತ್ತಾರೆ, ತೂಗುಬಿಟ್ಟ ಕಂಬ ತಾಗಿದರೆ 2 ಸೆಕೆಂಡ್ ದಂಡ, ದ್ವಾರ ತಪ್ಪಿದರೆ 50 ಸೆಕೆಂಡ್. ಹೊಸ ಆಟದಲ್ಲಿ ನಾಲ್ವರು ಒಟ್ಟಿಗೆ ಎತ್ತರದ ಇಳಿಜಾರಿನಿಂದ ನೀರಿಗೆ ಜಾರುತ್ತಾರೆ. ಡಿಕ್ಕಿ, ತಳ್ಳಾಟ ಎಲ್ಲ ಉಂಟು. ನಡುವೆ ಗೊತ್ತಾದ ಜಾಗದಲ್ಲಿ ಪೂರ್ತಿ ಒಂದು ರೋಲ್ ಹೊಡೆಯಲೇಬೇಕು. ಯಾವ ಕಂಬವನ್ನೂ ಮುಟ್ಟಬಾರದು ಎಂದು ಬಾಲ್ಯದಿಂದ ಮೈಗೆ ಕಲಿಸಿದವರು ಈಗ ಭುಜ ಕೊಟ್ಟು ನುಗ್ಗುವುದನ್ನು ಕಲಿಯಬೇಕಾಯಿತು. ಆಸ್ಟ್ರೇಲಿಯಾದ ಜೆಸ್ಸಿಕಾ ಫಾಕ್ಸ್ ಅದೇ ಒಲಿಂಪಿಕ್ಸ್‌ನಲ್ಲಿ ಸ್ಲಾಲಮ್‌ನ ಕಯಾಕ್, ಕೆನೊ ಎರಡರಲ್ಲೂ ಚಿನ್ನ ಗೆದ್ದಿದ್ದರು. ಕಯಾಕ್ ಕ್ರಾಸ್‌ಗೂ ಅವರು ಹೊಸಬರಲ್ಲ. ಆದರೂ ಆರಂಭದ ಸುತ್ತುಗಳಲ್ಲೇ ಹೊರಬಿದ್ದರು. ಚಿನ್ನ ಅವರ ತಂಗಿ ನೋಮಿ ಫಾಕ್ಸ್ ಪಾಲಾಯಿತು.

ಇದಕ್ಕೂ ಮೊದಲು, 1980ರ ದಶಕದಲ್ಲಿ, ಸ್ವೀಡನ್ನಿನಿಂದ ವಿಮಾನದ ರೆಕ್ಕೆಯಂತೆ ಬಾಗಿದ ಅಲಗಿನ ಹುಟ್ಟು ಬಂದಾಗ ಓಟದ ಕಯಾಕಿನವರು ಇಂಥದೇ ಪೇಚಿಗೆ ಸಿಕ್ಕಿದ್ದರು. ಹಳೆಯ ಹುಟ್ಟನ್ನು ದೋಣಿಯ ಪಕ್ಕಕ್ಕೆ ನೇರ ಹಿಂದಕ್ಕೆ ಎಳೆಯಬೇಕಿತ್ತು, ಹೊಸದು ಎಳೆದಂತೆ ತಾನಾಗಿ ಹೊರಕ್ಕೆ ಜಾರುತ್ತಿತ್ತು. ಜಾರಲು ಬಿಟ್ಟವರು ಗೆದ್ದರು. ಕೆಲವೇ ವರ್ಷಗಳಲ್ಲಿ ಹಳೆಯ ಹುಟ್ಟು ಸ್ಪರ್ಧೆಯಿಂದ ಮಾಯವಾಯಿತು.

ನಮ್ಮ ದೇಶದ ಪ್ರಾಚಿ ಯಾದವ್ ಅವರದ್ದು ಇನ್ನೂ ದೊಡ್ಡ ಜಿಗಿತ. ಅವರು ಮೊದಲು ಅಂಗವಿಕಲರ ವಿಭಾಗದ ಈಜುಗಾರ್ತಿ, ಆಮೇಲೆ ದೋಣಿ ಹತ್ತಿದರು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದರು. 2023ರಲ್ಲಿ ನಡೆದ ಹಾಂಗ್‌ಝೌ ಪ್ಯಾರಾ ಏಷ್ಯನ್ ಗೇಮ್ಸ್‌ನಲ್ಲಿ ಕಯಾಕ್‌ನಲ್ಲಿ ಚಿನ್ನ, ವಾಆ ಎಂಬ ದೋಣಿಯಲ್ಲಿ ಬೆಳ್ಳಿ ಗೆದ್ದರು. ವಾಆ ಪಾಲಿನೇಷ್ಯಾದ್ದು: ಒಂದೇ ಅಲಗಿನ ಹುಟ್ಟು, ಪಕ್ಕಕ್ಕೆ ಚಾಚಿದ ತೇಲುಮರದ ಆಸರೆ. ಎರಡು ದೋಣಿಗೆ ಎರಡು ಮೈ ಬೇಕು. ತೆಂಗಿನ ಸೀಮೆಯವರು ಈ ವಾಆ ಬಗ್ಗೆ ತಿಳಿದಿರಬೇಕು. ಆ ದ್ವೀಪಗಳ ಜನ ತೇಲುಮರವನ್ನು ದೋಣಿಗೆ ಬಿಗಿಯುತ್ತಿದ್ದದ್ದು ತೆಂಗಿನ ನಾರಿನ ಹುರಿಯಿಂದ. ಹಿಂದೂ ಮಹಾಸಾಗರದ ಹಳೆಯ ಹಾಯಿದೋಣಿಗಳನ್ನೂ ಮೊಳೆಯಿಲ್ಲದೆ ಇದೇ ನಾರಿನಿಂದ ಹೊಲಿಯುತ್ತಿದ್ದರು. ಹೊಳೆಯಿಲ್ಲದ ನಮ್ಮೂರಿಗೂ ದೋಣಿಗೂ ನಂಟಿಲ್ಲ ಎನ್ನುವವರು ತೋಟದ ಮೂಲೆಯಲ್ಲಿ ಬಿದ್ದಿರುವ ಸಿಪ್ಪೆಯ ರಾಶಿಯನ್ನು ಇನ್ನೊಮ್ಮೆ ನೋಡಬಹುದು.

ತೋಟದ ಮಾತು ಬಂತು. ಕಾಯಿ ಕೀಳುವವರು ಸಿಗುತ್ತಿಲ್ಲ ಎಂಬ ದೂರಿಗೆ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರಗಳ ಸ್ನೇಹಿತರು ಎಂಬ ತರಬೇತಿ ಶುರುಮಾಡಿತು. ಎರಡು ಪಾದಪಟ್ಟಿ, ಕಾಂಡಕ್ಕೆ ಸುತ್ತುವ ಉಕ್ಕಿನ ಹಗ್ಗ ಇರುವ ಯಂತ್ರದಲ್ಲಿ ಮರ ಹತ್ತುವುದನ್ನು ಕಲಿಸುತ್ತಾರೆ. ಮರಕ್ಕೇ ಎದೆ ಕೊಟ್ಟು, ಕಾಲಿಗೆ ಬಳೆಹಗ್ಗ ಹಾಕಿ ಹತ್ತಿದವರಿಗೆ ಈ ಯಂತ್ರ ಸುಲಭಕ್ಕೆ ಒಗ್ಗುವುದಿಲ್ಲ. ಮರದಿಂದ ದೂರ ನೆಟ್ಟಗೆ ನಿಂತು ಭಾರವನ್ನೆಲ್ಲ ಪಾದಕ್ಕೆ ಬಿಡಬೇಕು ಎಂದರೆ ಅವರ ಮೈ ಒಪ್ಪುವುದಿಲ್ಲ. ಎಂದೂ ಮರ ಹತ್ತದ ಹುಡುಗ ಅವರಿಗಿಂತ ಬೇಗ ಕಲಿತುಬಿಟ್ಟರೆ ಆಶ್ಚರ್ಯವಿಲ್ಲ. ಹಾಗೆಂದು ಮೇಲೆ ಹೋದ ಮೇಲೆ ಯಾವ ಗೊನೆ ಬಲಿತಿದೆ, ಯಾವುದು ಉಂಡೆ ಕೊಬ್ಬರಿಗೆ ಅಟ್ಟ ಸೇರಬೇಕು ಎಂದು ಹೇಳಲು ಹಳೆಯ ಕಣ್ಣೇ ಬೇಕು. ಅನುಭವಿ ಹೊಸ ವಿದ್ಯೆಯನ್ನು ತಡವಾಗಿ ಕಲಿಯುತ್ತಾನೆ, ಆದರೆ ಕಲಿತ ಮೇಲೆ ಅವನ ಸಮಕ್ಕೆ ಹೊಸಬ ನಿಲ್ಲಲಾರ.

ಕಯಾಕ್ ಮಂದಿ ಇತ್ತೀಚೆಗೆ ಹೆಚ್ಚು ಒತ್ತು ಕೊಟ್ಟು ಕಲಿಯುತ್ತಿರುವ ವಿದ್ಯೆ ಮಾತ್ರ ದೋಣಿ ಓಡಿಸುವುದಕ್ಕೆ ಸಂಬಂಧಿಸಿದ್ದಲ್ಲ. ಅದು ಇನ್ನೊಬ್ಬರನ್ನು ಉಳಿಸುವ ವಿದ್ಯೆ. ಅದನ್ನು ನಮ್ಮ ಕೆರೆ ಏರಿಯ ಮೇಲೂ ಕಲಿಸಬೇಕು.

2022ರ ಮಳೆಯಲ್ಲಿ ಈ ಸೀಮೆಯ ಎಷ್ಟೋ ಕೆರೆಗಳು ಬಹುಕಾಲದ ನಂತರ ಕೋಡಿ ಬಿದ್ದವು. ಕೋಡಿ ಬಿದ್ದರೆ ನಮ್ಮಲ್ಲಿ ಹಬ್ಬ. ಬಾಗಿನ ಬಿಡುತ್ತಾರೆ, ಮಕ್ಕಳು ಮರಿಯೊಂದಿಗೆ ಬಂದು ನೀರಿನಲ್ಲಿ ನಿಲ್ಲುತ್ತಾರೆ, ಬೈಕು ತೊಳೆಯುತ್ತಾರೆ, ಸೆಲ್ಫಿ ತೆಗೆಯುತ್ತಾರೆ. ಪ್ರಪಂಚದ ಅತ್ಯಂತ ಧೈರ್ಯಶಾಲಿ ಕಯಾಕ್ ಸವಾರನನ್ನು ಕರೆತಂದು ಆ ಕೋಡಿಯ ಕೆಳಗೆ ನಿಲ್ಲಿಸಿ ನೋಡಿ, ಹಿಂದಕ್ಕೆ ಸರಿಯುತ್ತಾನೆ. ಎತ್ತರದ ಜಲಪಾತ ಹಾರಿದವನಿಗೂ ಮೊಳಕಾಲುದ್ದ ನೀರು ಸಮನಾಗಿ ಬೀಳುವ ಕಟ್ಟೆಯೆಂದರೆ ಅಂಜಿಕೆ. ಗೋಡೆಯಿಂದ ಬಿದ್ದ ನೀರು ತಳಕ್ಕೆ ಹೊಡೆದು ಮೇಲೆದ್ದು, ಮೇಲ್ಮೈಯಲ್ಲಿ ಮತ್ತೆ ಗೋಡೆಯ ಕಡೆಗೇ ಮಗುಚಿಕೊಳ್ಳುತ್ತದೆ. ಅದರಲ್ಲಿ ಸಿಕ್ಕಿದ ಮರದ ದಿಮ್ಮಿ ಗಂಟೆಗಟ್ಟಲೆ ಅಲ್ಲೇ ಉರುಳುತ್ತದೆ, ಮನುಷ್ಯನೂ ಅಷ್ಟೇ. ನೊರೆಯಲ್ಲಿ ಗಾಳಿಯೇ ಹೆಚ್ಚಿರುವುದರಿಂದ ಈಜಲು ಹಿಡಿತ ಸಿಗುವುದಿಲ್ಲ, ಲೈಫ್ ಜಾಕೆಟ್ ಕೂಡ ಸರಿಯಾಗಿ ತೇಲಿಸುವುದಿಲ್ಲ. ಹೊಳೆಯ ಬಂಡೆಗಳ ನಡುವೆ ಎಲ್ಲೋ ಒಂದು ಸಂದಿ ಇರುತ್ತದೆ, ಮನುಷ್ಯ ಕಟ್ಟಿದ ನೇರ ಕಟ್ಟೆಯಲ್ಲಿ ಈ ತುದಿಯಿಂದ ಆ ತುದಿಗೆ ಸಂದಿಯೇ ಇರುವುದಿಲ್ಲ. ಪಕ್ಕದ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಂತೂ ನೀರು ಒಂದು ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತದೆಯೇ ಸೈಫನ್ ತಾನಾಗಿ ಸುರಿಯಲು ತೊಡಗುತ್ತದೆ. ಕೆಳಗೆ ನಿಂತವರಿಗೆ ಓಡಲು ಹೊತ್ತು ಸಿಗುವುದಿಲ್ಲ.

ಊರಿನಲ್ಲಿ ಯಾರಾದರೂ ನೀರಿಗೆ ಬಿದ್ದರೆ ಮೊದಲು ಜಿಗಿಯುವುದು ಊರಿನ ಒಳ್ಳೆಯ ಈಜುಗಾರನೇ. ಬಾವಿಯಲ್ಲಿ, ಕಲ್ಯಾಣಿಯಲ್ಲಿ, ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಕಲಿತು ಮೇಲೆ ಬಂದವನು. ಈಜು ಬರುತ್ತದೆ ಎಂಬ ಧೈರ್ಯವೇ ಅವನನ್ನು ಹೂಳು, ಕಳೆ, ಮಣ್ಣು ತೆಗೆದ ಗುಂಡಿಗಳ ನಡುವೆ ಎಳೆದೊಯ್ಯುತ್ತದೆ. ಒಬ್ಬರ ಜಾಗದಲ್ಲಿ ಇಬ್ಬರು ಹೋದ ಸುದ್ದಿಯನ್ನು ಪ್ರತಿ ಬೇಸಿಗೆ ರಜೆಯಲ್ಲೂ ಓದುತ್ತೇವೆ. ನದಿ ರಕ್ಷಣೆಯ ತರಬೇತಿಯಲ್ಲಿ ನುರಿತವರಿಗೆ ಹೇಳಿಕೊಡುವ ಕ್ರಮ ಬೇರೆಯೇ: ಮೊದಲು ಕೂಗಿ ದಾರಿ ಹೇಳು, ಆಗದಿದ್ದರೆ ಗಳ ಚಾಚು, ಆಗದಿದ್ದರೆ ಹಗ್ಗ ಎಸೆ, ಆಮೇಲೆ ದೋಣಿ, ಈಜುವುದು ಎಲ್ಲಕ್ಕಿಂತ ಕೊನೆಗೆ. ಚೆನ್ನಾಗಿ ಈಜುವವನಿಗೆ ಈಜದೆ ನಿಲ್ಲುವುದನ್ನು ಕಲಿಸುವುದು ಎಡಮಗ್ಗುಲಿನ ರೋಲ್‌ಗಿಂತ ಕಷ್ಟ.

ಆದ್ದರಿಂದ ಪಂಚಾಯಿತಿಗಳಲ್ಲಿ, ಕೆರೆ ಹರಾಜು ಹಿಡಿಯುವ ಮೀನುಗಾರರ ಸಂಘಗಳಲ್ಲಿ, ಯುವಕ ಸಂಘಗಳಲ್ಲಿ ಒಂದು ಕೋರಿಕೆ. ಮುಂದಿನ ಮಳೆಗಾಲಕ್ಕೆ ಮುಂಚೆ ನಿಮ್ಮ ಕೆರೆಯ ಕೋಡಿಯ ಬಳಿ ಒಂದು ಕಂಬ ನೆಟ್ಟು ಇಪ್ಪತ್ತು ಮೀಟರ್ ಹಗ್ಗ ತೂಗುಹಾಕಿ. ತೇಲುವ ಪ್ಲಾಸ್ಟಿಕ್ ಹಗ್ಗವಾದರೂ ಆಗಬಹುದು, ನಮ್ಮದೇ ನಾರಿನ ಹಗ್ಗವಾದರೂ ಆಗಬಹುದು, ಅದೂ ತೇಲುತ್ತದೆ. ತುದಿಗೆ ಒಣಗಿದ ಇಡೀ ಕಾಯಿ ಎರಡು ಕಟ್ಟಿ. ಊರಿನ ಅತ್ಯುತ್ತಮ ಈಜುಗಾರರನ್ನು ಒಂದು ಭಾನುವಾರ ಏರಿಯ ಮೇಲೆ ಕರೆದು, ನೀರಿಗಿಳಿಯದೆ ಆ ಹಗ್ಗವನ್ನು ಗುರಿಗೆ ಎಸೆಯುವುದನ್ನು ಅಭ್ಯಾಸ ಮಾಡಿಸಿ. ಬಲಗೈಯಲ್ಲಿ ಬಂದ ಮೇಲೆ ಎಡಗೈಯಲ್ಲೂ ಮಾಡಿಸಿ.